ಕೇಳಿದವರಿಗೆ ಮಾತ್ರ

ಬಸ್ ನಿಲ್ದಾಣದ ಕೌಂಟರಿನಲ್ಲಿ ಕೂತು ಆಯುಷ್ಯ ಸವೆಸಿದವರಿಗೆ ಪ್ರಯಾಣಿಕರೆಂದರೆ ಎಂಥವರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ವಿಚಾರಣೆ ಅಕ್ಕನಿಗಂತೂ ಬೇಕಿರಲೇ ಇಲ್ಲ. 'ವಿಚಾರಣೆ' ಎಂಬ ಬೋರ್ಡು ಅವಳ ತಲೆಯ ಮೇಲೆ ಎಷ್ಟು ಕಾಲ ತೂಗಿತ್ತೆಂದರೆ ಡ್ರೈವರುಗಳು, ಕಂಡಕ್ಟರುಗಳು, ಕೊನೆಗೆ ಅಕ್ಕಪಕ್ಕದ ಮನೆಯವರೂ ಅವಳನ್ನು ಹಾಗೆಯೇ ಕರೆಯತೊಡಗಿದ್ದರು. ನಿವೃತ್ತಿಯಾದರೂ ಹೆಸರು ಬಿಡಲಿಲ್ಲ. ಬಸ್ಸು ಬಂತಾ ಎಂದು ಕೇಳಿ, ಇಲ್ಲ ಎಂದರೆ ಯಾಕಿಲ್ಲ ಎಂದು ಕೇಳಿ, ಯಾಕೆಂದು ಹೇಳಿದರೆ ನಂಬದೆ ಅದೇ ಪ್ರಶ್ನೆಯನ್ನು ಹೆಂಡತಿಯ ಬಾಯಲ್ಲಿ ಇನ್ನೊಮ್ಮೆ ಕೇಳಿಸುವ ಜನರನ್ನು ನೋಡಿ ನೋಡಿ ಅವಳು ಒಂದು ಶಪಥ ಮಾಡಿದ್ದಳು. ತಾನು ಎಲ್ಲಿಗಾದರೂ ಹೊರಟರೆ ಕೌಂಟರಿನಲ್ಲಿ ಕೂತವರ ತಲೆ ಮಾತ್ರ ತಿನ್ನುವುದಿಲ್ಲ.

ಶಪಥ ಮಾಡುವಾಗ ಚೆನ್ನಾಗಿಯೇ ಇರುತ್ತದೆ. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಲು ಬಂದ ದಿನವೇ ಅದು ಅವಳ ಕೊರಳಿಗೆ ಸುತ್ತಿಕೊಂಡಿತು.

ಹೊರಟಿದ್ದು ತಮ್ಮನನ್ನು ನೋಡಲು. ಅವನು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್. ಆರು ವರ್ಷದಿಂದ ಮನೆ ಕಡೆ ತಲೆ ಹಾಕಿರಲಿಲ್ಲ. ಒಂದು ಹಡಗಿನಿಂದ ಇಳಿದರೆ ರಜೆಗೆ ಬರುವ ಬದಲು ಇನ್ನೊಂದು ಹಡಗು ಹತ್ತಿಬಿಡುತ್ತಿದ್ದ. ಕಂಪನಿಯಲ್ಲಿ ಜನ ಸಾಲದು ಅಕ್ಕ, ಮುಂದಿನ ಸಲ ನೋಡೋಣ ಅಕ್ಕ, ಇದೇ ರಾಗ. ಅಮ್ಮ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಉಣ್ಣಿಸಿದ್ದು, ತಲೆ ಬಾಚಿದ್ದು, ಬೆನ್ನಿಗೆ ಎರಡು ಬಿಟ್ಟಿದ್ದು ಎಲ್ಲ ಅಕ್ಕನೇ. ತನಗೇ ಎರಡು ಮಕ್ಕಳಾದ ಮೇಲೂ ಮೊದಲ ಮಗು ಅವನೇ ಎಂದು ಗಂಡನ ಎದುರೇ ಹೇಳುತ್ತಿದ್ದಳು. ಈಗ ಅವನ ಹಡಗು ಸಮುದ್ರದಾಚೆಯ ಒಂದು ಬಂದರಿನಲ್ಲಿ ಸರಕು ಇಳಿಸಲು ನಿಂತಿತ್ತು. ನಾಳೆ ಸಂಜೆ ಹೊರಟುಬಿಟ್ಟರೆ ಮತ್ತೆ ಯಾವ ದಡವೋ ಯಾವ ಕಾಲವೋ. "ಒಂದು ದಿನ ಸಿಗುತ್ತೆ ಅಕ್ಕ, ಬರ್ತೀಯಾ?" ಎಂದು ಅವನೇ ಕೇಳಿ, ಟಿಕೆಟ್ ಕಳಿಸಿದ್ದ. ಅವಳು ಹೂಂ ಅಂದು ಫೋನಿಟ್ಟು, ಅಡುಗೆಮನೆಯಲ್ಲಿ ನಿಂತು ಒಂದಷ್ಟು ಹೊತ್ತು ಅತ್ತಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಮುಂದಿನ ಮೊದಲ ಸಾಲಿನಲ್ಲಿ ಕೂತಳು. ಎದುರಿನ ಗಾಜಿನ ಗೋಡೆಯ ಆಚೆ ಅವಳ ವಿಮಾನ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಇಬ್ಬರು ಏಣಿ ಹಾಕಿಕೊಂಡು ಏನನ್ನೋ ಬಿಚ್ಚುತ್ತಿದ್ದರು. ಅದನ್ನು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಡಿಪೋದಲ್ಲಿ ಬಸ್ಸಿನ ಕೆಳಗೆ ಇಬ್ಬರು ತೂರಿಕೊಂಡರೆಂದರೆ ಆ ಬಸ್ಸು ಸಮಯಕ್ಕೆ ಹೊರಟ ಇತಿಹಾಸವೇ ಇರಲಿಲ್ಲ.

ಅಂದುಕೊಂಡ ಹಾಗೇ ಅರ್ಧ ಗಂಟೆ ತಡ ಎಂದು ಮೈಕಿನಲ್ಲಿ ಹೇಳಿದರು. ಆಮೇಲೆ ಇನ್ನರ್ಧ ಗಂಟೆ. ಆಮೇಲೆ ಮತ್ತರ್ಧ. ವಿಚಾರಣೆ ಅಕ್ಕನಿಗೆ ನಗು ಬಂತು. ತಡವನ್ನು ಯಾವತ್ತೂ ತಟ್ಟೆ ತುಂಬ ಬಡಿಸಬಾರದು, ಚಮಚದಲ್ಲಿ ಬಡಿಸಬೇಕು. ಆಗ ಜನ ಕೂತಲ್ಲೇ ಕೂತಿರುತ್ತಾರೆ. ಅವಳೂ ಮೈಕಿನ ಮುಂದೆ ಹಾಗೇ ಬಡಿಸಿದವಳು. ಮೈಕಿನಲ್ಲಿ ಹೇಳುತ್ತಿದ್ದ ಹುಡುಗಿ ಅಲ್ಲೇ ಗೇಟಿನ ಕೌಂಟರಿನಲ್ಲಿ ಒಬ್ಬಳೇ ಇದ್ದಳು. ಕೊರಳಿಗೆ ಕಂಪನಿಯ ಬಣ್ಣದ ಸ್ಕಾರ್ಫು, ಮುಖದಲ್ಲಿ ಬೆಳಗಿನ ತಿಂಡಿ ತಿಂದಿಲ್ಲವೆಂಬ ಕಳೆ. ಹಿಂದೆ ಕೋಟು ತೊಟ್ಟ ಮೇಲಧಿಕಾರಿಯೊಬ್ಬ ಆಗಾಗ ಬಂದು, ಜನರ ಕಡೆ ನೋಡದೆ, ಅವಳ ಕಿವಿಯಲ್ಲಿ ಏನೋ ಉಸುರಿ ಮಾಯವಾಗುತ್ತಿದ್ದ. ಇಂಥ ಮೇಲಧಿಕಾರಿಗಳು ಎಲ್ಲ ಕಡೆ ಒಂದೇ ಅಚ್ಚಿನಲ್ಲಿ ತಯಾರಾಗುತ್ತಾರೆ.

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಜನರ ತಾಳ್ಮೆ ಕರಗಿತು. ಮೊದಲು ಎದ್ದವರು ಮಫ್ಲರ್ ಸುತ್ತಿಕೊಂಡಿದ್ದ ಒಬ್ಬ ಯಜಮಾನರು. ಕೌಂಟರಿಗೆ ಎರಡೂ ಮೊಣಕೈ ಊರಿ ಶುರುಮಾಡಿದರು. "ನೋಡಮ್ಮ, ಇಷ್ಟು ತಡ ಆದ್ರೆ ಊಟ ಕೊಡ್ಬೇಕು. ಇನ್ನೂ ತಡ ಆದ್ರೆ ಬೇರೆ ದಾರಿ ಮಾಡ್ಬೇಕು. ಇದು ನೀವು ಮಾಡೋ ಉಪಕಾರ ಅಲ್ಲ, ನಮ್ಮ ಹಕ್ಕು. ನಿಯಮ ಇದೆ, ಹೇಳ್ಲಾ?"

ಅವರ ಹಿಂದೆ ಹತ್ತು ಜನ ಗುಂಪುಗೂಡಿದರು. ಒಬ್ಬ ಕೌಂಟರ್ ಕುಟ್ಟಿದ. ಇನ್ನೊಬ್ಬ ಹುಡುಗಿಯ ಮುಖಕ್ಕೆ ಫೋನು ಹಿಡಿದು ವೀಡಿಯೊ ಮಾಡತೊಡಗಿದ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ವಿಚಾರಣೆ ಅಕ್ಕನಿಗೆ ರಕ್ತ ಕುದಿಯಿತು. ಎದ್ದವಳೇ ಗುಂಪಿನ ನಡುವೆ ನುಗ್ಗಿ, ಬಸ್ ನಿಲ್ದಾಣದ ಗದ್ದಲದಲ್ಲೂ ಕೇಳಿಸುತ್ತಿದ್ದ ಆ ದನಿಯಲ್ಲಿ ಗದರಿದಳು. "ಏನ್ರೀ ಇದು? ವಿಮಾನ ಆ ಹುಡುಗಿ ಕೆಡಿಸಿದ್ದಾ? ಅವಳು ರಿಪೇರಿ ಮಾಡ್ತಾಳಾ? ಒಂದು ಹೆಣ್ಣುಮಗು ಒಂಟಿಯಾಗಿ ನಿಂತಿದೆ ಅಂತ ಎಲ್ಲರೂ ಮುತ್ತಿಕೊಳ್ತೀರಲ್ಲ, ನಾಚಿಕೆ ಆಗಲ್ವಾ? ಕೂತ್ಕೊಳ್ಳಿ ಸುಮ್ನೆ! ಯಜಮಾನ್ರೇ, ನಿಮಗೇ ಹೇಳಿದ್ದು. ನಿಯಮ ಗೊತ್ತಿದ್ದವರು ಮರ್ಯಾದೆನೂ ತಿಳ್ಕೊಂಡಿರ್ಬೇಕು."

ವೀಡಿಯೊ ಮಾಡುತ್ತಿದ್ದವನು ಫೋನು ಜೇಬಿಗಿಳಿಸಿದ. ಒಬ್ಬೊಬ್ಬರೇ ಹೋಗಿ ತೆಪ್ಪಗೆ ಕೂತರು. ಮಫ್ಲರ್ ಯಜಮಾನರು ಮಾತ್ರ ಮುಖ ಊದಿಸಿಕೊಂಡು, ಎಲ್ಲರಿಂದ ದೂರ ಕಂಬದ ಪಕ್ಕದ ಕುರ್ಚಿಗೆ ಹೋಗಿ ಬೆನ್ನು ತಿರುಗಿಸಿ ಕೂತರು. ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಕೆಲಸ ಬಿಟ್ಟು ವರ್ಷಗಳಾದರೂ ಕೈ ಪಳಗಿಯೇ ಇದೆ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಸ್ಕಾರ್ಫಿನ ಹುಡುಗಿ ಅವಳ ಹತ್ತಿರವೇ ಬಂದಳು. "ಥ್ಯಾಂಕ್ಸ್ ಅಮ್ಮ. ನಿಮಗೇನಾದ್ರೂ ಕೇಳೋದಿದೆಯಾ?"

"ನನಗೇನಮ್ಮ ಕೇಳೋದು? ನೀನು ಹೋಗಿ ಒಂದು ಲೋಟ ಕಾಫಿ ಕುಡಿ."

ಹುಡುಗಿ ಒಂದು ಕ್ಷಣ ನಿಂತು ಹೋದಳು. ಮತ್ತೊಂದು ಅರ್ಧ ಗಂಟೆ ಬಡಿಸಿ ಬಂದವಳು ಮತ್ತೆ ಕೇಳಿದಳು. "ಅಮ್ಮ, ಎಲ್ಲಿಗೆ ಹೋಗ್ತಿರೋದು? ಯಾರಾದ್ರೂ ಕಾಯ್ತಿದಾರಾ?"

"ತಮ್ಮ ಕಣಮ್ಮ. ಹಡಗಿನಲ್ಲಿರೋನು. ನಾಳೆ ಸಂಜೆ ಹೊರಟುಬಿಡ್ತಾನೆ. ಪರವಾಗಿಲ್ಲ, ಇವತ್ತು ಯಾವಾಗ ಮುಟ್ಟಿಸಿದ್ರೂ ಆಯ್ತು."

"ಹಾಗಾದ್ರೆ... ಏನಾದ್ರೂ ಕೇಳೋದಿದೆಯಾ ಅಮ್ಮ?"

"ಏನೂ ಇಲ್ಲ, ಏನೂ ಇಲ್ಲ. ನೀನು ನಿನ್ನ ಕೆಲಸ ನೋಡ್ಕೋ. ನನ್ನಿಂದ ತೊಂದರೆ ಬೇಡ."

ಹುಡುಗಿ ಬಾಯಿ ತೆರೆದಳು. ಆಗಲೇ ಕೋಟಿನವನು ದೂರದಲ್ಲಿ ಕಾಣಿಸಿಕೊಂಡ. ಬಾಯಿ ಮುಚ್ಚಿ ಕೌಂಟರಿಗೆ ಓಡಿದಳು. ಎಷ್ಟು ಒಳ್ಳೆಯ ಮಗು, ಎಷ್ಟು ಸಲ ಬಂದು ವಿಚಾರಿಸುತ್ತದೆ ಎಂದು ಅಕ್ಕ ಮನಸ್ಸಿನಲ್ಲೇ ಹರಸಿದಳು. ಬುದ್ಧಿವಂತರ ಮಂಕು ಎಂದರೆ ಇದು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ತಮ್ಮನ ಫೋನು ಬಂತು.

"ಅಕ್ಕ, ಎಲ್ಲಿದೀಯ?"

"ಇಲ್ಲೇ ಇದೀನೋ. ಸ್ವಲ್ಪ ತಡವಂತೆ."

ಅವನು ಮೆಲ್ಲಗೆ ಹೇಳಿದ. "ಬಂದರಿನಲ್ಲಿ ಜಾಗ ಬೇಕಂತೆ. ನಮ್ಮನ್ನ ನಾಳೆ ಬೆಳಕು ಹರಿಯೋ ಮೊದಲೇ ಹೊರಡಿಸ್ತಿದಾರೆ. ನನಗೆ ದಡಕ್ಕಿಳಿಯೋಕೆ ಬಿಟ್ಟಿರೋದು ಇವತ್ತು ಸಂಜೆ ಮಾತ್ರ. ನಿನಗೆ ತೊಂದರೆ ಆಗೋ ಹಾಗಿದ್ರೆ ಬಿಡು ಅಕ್ಕ, ಇನ್ನೊಂದು ಸಲ ನೋಡೋಣ."

ಇನ್ನೊಂದು ಸಲ ಎಂಬ ಮಾತಿಗೆ ಆರು ವರ್ಷ ವಯಸ್ಸಾಗಿತ್ತು. "ಬರ್ತೀನಿ ಕಣೋ, ಬಂದೇ ಬರ್ತೀನಿ" ಎಂದಳು. ಫೋನಿಟ್ಟು ಗಾಜಿನ ಗೋಡೆಯಾಚೆ ನೋಡಿದಳು. ಏಣಿ ಇನ್ನೂ ಅಲ್ಲೇ ಇತ್ತು. ಏಣಿ ಹತ್ತಿದವರು ಮಾತ್ರ ಇರಲಿಲ್ಲ.

ಸ್ಕಾರ್ಫಿನ ಹುಡುಗಿ ಈ ಸಲ ಒಂದು ಲೋಟ ನೀರು ಹಿಡಿದು ಬಂದಳು. ಲೋಟ ಕೊಡುತ್ತ, ಅಕ್ಕನ ಮುಖ ನೋಡದೆ, ಹಾದಿಯ ಆಚೆ ಬದಿಯ ಗೇಟಿನ ಕಡೆ ನೋಡುತ್ತ ನಿಂತಳು. ಅಲ್ಲಿ ಬೇರೆ ಯಾವುದೋ ಕಂಪನಿಯ ವಿಮಾನಕ್ಕೆ ಜನ ಸಾಲುಗಟ್ಟುತ್ತಿದ್ದರು. "ಅಮ್ಮ," ಎಂದಳು ಹುಡುಗಿ, ಒಂದೊಂದೇ ಪದವನ್ನು ಬಿಡಿಸಿ ಇಡುತ್ತ. "ಬೇರೇನಾದ್ರೂ, ಕೇಳೋದಿದೆಯಾ?"

ವಿಚಾರಣೆ ಅಕ್ಕನ ಕೈಯಲ್ಲಿ ಲೋಟ ಹಾಗೇ ನಿಂತಿತು.

ಅದು ಅವಳದೇ ದನಿ! ಬಸ್ಸು ತೀರಾ ತಡವಾದರೆ ಅದೇ ಟಿಕೆಟಿನಲ್ಲಿ ಬೇರೆ ಬಸ್ಸಿಗೆ ಹತ್ತಬಹುದೆಂಬ ನಿಯಮ ಅವಳ ನಿಲ್ದಾಣದಲ್ಲೂ ಇತ್ತು. ಜೊತೆಗೇ ಮೇಲಿನವರ ಬಾಯಿಮಾತಿನ ಅಪ್ಪಣೆಯೂ ಇತ್ತು. ಕೇಳಿದವರಿಗೆ ಮಾತ್ರ ಹೇಳು, ಕೇಳದವರಿಗೆ ನೀನಾಗಿ ಹೇಳಬೇಡ. ಹೇಳಿದರೆ ಕೆಲಸಕ್ಕೆ ಕುತ್ತು. ಆದರೂ ಕಂಕುಳಲ್ಲಿ ಕೂಸಿಟ್ಟುಕೊಂಡವರೋ, ಆಸ್ಪತ್ರೆಗೆ ಹೊರಟವರೋ ಬಂದರೆ ಅವಳಿಗೆ ತಡೆಯುತ್ತಿರಲಿಲ್ಲ. ಆಗ ಹೊರಡಬಹುದಾದ ಇನ್ನೊಂದು ಬಸ್ಸಿನ ಕಡೆ ಕಣ್ಣಿಟ್ಟು, ಹೀಗೇ ಪದ ಬಿಡಿಸಿ, ಇದೇ ಮಾತು ಕೇಳುತ್ತಿದ್ದಳು. ಚುರುಕಾದವರು ತಟ್ಟನೆ ಹಿಡಿಯುತ್ತಿದ್ದರು. ಹಿಡಿಯದವರನ್ನು ಕಂಡರೆ, ಎಂಥ ಬೆಪ್ಪುಗಳಪ್ಪಾ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಈ ಹುಡುಗಿ ಬೆಳಗಿನಿಂದ ಅದೆಷ್ಟು ಸಲ ತಲೆ ಚಚ್ಚಿಕೊಂಡಿದೆಯೋ! ಕೌಂಟರಿನ ಆಚೆ ಕೂತಾಗ ಇದ್ದ ಕಿವಿ ಈಚೆ ಕೂತಾಗ ಇರುವುದಿಲ್ಲವೇನೋ.

"ಇದೆ!" ಎಂದು ಅಕ್ಕ ಕೂಗಿಯೇ ಬಿಟ್ಟಳು. "ಕೇಳೋದಿದೆ!"

ಹುಡುಗಿಯ ಮುಖ ಅರಳಿತು. "ಕೇಳಿ ಅಮ್ಮ."

ಆದರೆ ಏನು ಕೇಳಬೇಕು? ಬಸ್ಸಿನ ನಿಯಮ ಅವಳಿಗೆ ಕರತಲಾಮಲಕ. ವಿಮಾನದ ನಿಯಮದ ಗಂಧಗಾಳಿ ಇರಲಿಲ್ಲ. "ವಿಮಾನ ಯಾವಾಗ ಹೊರಡುತ್ತೆ?" ಎಂದಳು. ಅದಲ್ಲ ಎನ್ನುವಂತೆ ಹುಡುಗಿ ತುಟಿ ಕಚ್ಚಿಕೊಂಡಳು. "ದುಡ್ಡು ವಾಪಸ್..." ಎನ್ನುವಷ್ಟರಲ್ಲಿ ಹುಡುಗಿ ಗಾಬರಿಯಿಂದ ತಲೆ ಅಲ್ಲಾಡಿಸಿ, ಜೋರಾಗಿ ಕೆಮ್ಮಿದಳು. ಅಕ್ಕನಿಗೆ ಆಗ ಹೊಳೆಯಿತು, ಏನು ಕೇಳಬೇಕೆಂದು ಗೊತ್ತಿರುವ ಮನುಷ್ಯ ಇಡೀ ಗೇಟಿನಲ್ಲಿ ಒಬ್ಬನೇ. ಅವನ ಬಾಯಿ ಮುಚ್ಚಿಸಿದ್ದು ತಾನೇ.

ಕಂಬದ ಹತ್ತಿರ ಹೋಗಿ ಮಫ್ಲರ್ ಯಜಮಾನರ ಎದುರು ನಿಂತಳು. ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲ.

"ಯಜಮಾನ್ರೇ, ತಪ್ಪಾಯ್ತು."

"ಯಾಕಮ್ಮ? ಹೆಣ್ಣುಮಗು ಒಂಟಿಯಾಗಿ ನಿಂತಿದೆ. ನಾವೆಲ್ಲ ಮರ್ಯಾದೆ ಕಲೀತಾ ಇದೀವಿ."

"ಅವಳ ಮೇಲೆ ಕೂಗಾಡಬೇಡಿ ಅಂದಿದ್ದು ಸರಿನೇ. ಕೇಳ್ಬೇಡಿ ಅಂದಿದ್ದು ತಪ್ಪು. ಎರಡನ್ನೂ ಒಂದೇ ಅಂದ್ಕೊಂಡುಬಿಟ್ಟೆ. ನನ್ನ ತಮ್ಮ ಇವತ್ತು ಸಂಜೆ ಮಾತ್ರ ಸಿಗ್ತಾನೆ, ಆಮೇಲೆ ಹಡಗು ಹೊರಟುಹೋಗುತ್ತೆ. ಅವನನ್ನ ನೋಡಿ ಆರು ವರ್ಷ ಆಯ್ತು. ಏನು ಕೇಳ್ಬೇಕು ಅಂತ ದಯವಿಟ್ಟು ಹೇಳಿಕೊಡಿ."

ಯಜಮಾನರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಗೊತ್ತಿದ್ದನ್ನು ಹೇಳುವ ಆಸೆ ಸಿಟ್ಟಿಗಿಂತ ದೊಡ್ಡದು. "ದುಡ್ಡು ವಾಪಸ್ ಅಂತ ಬಾಯಿ ತಪ್ಪಿಯೂ ಅನ್ನಬೇಡಿ," ಎಂದರು. "ಅಂದ್ರೆ ದುಡ್ಡು ನಿಮ್ಮ ಕೈಗಿಟ್ಟು ತಮ್ಮ ಕೈ ತೊಳ್ಕೊಂಡುಬಿಡ್ತಾರೆ. ಅಲ್ಲಿಗೆ ಮುಗೀತು, ನೀವು ಯಾರೋ ಅವರು ಯಾರೋ. ಇಷ್ಟು ತಡ ಆದ ಮೇಲೆ ನನ್ನನ್ನ ಬೇರೆ ಕಂಪನಿ ವಿಮಾನದಲ್ಲಾದ್ರೂ ಇವತ್ತೇ ಮುಟ್ಟಿಸಿ, ಅಂತ ಕೇಳ್ಬೇಕು. ಆ ಮಾತಿಗೆ ಅವರು ಇಲ್ಲ ಅನ್ನೋ ಹಾಗಿಲ್ಲ. ಇನ್ನೊಂದು ಮಾತು. ಈ ವಿಮಾನ ನಡೆಸೋರ ಡ್ಯೂಟಿ ಇನ್ನೇನು ಮುಗಿಯುತ್ತೆ. ಮುಗಿದ್ರೆ ರಿಪೇರಿ ಆದ್ರೂ ಇದು ಹಾರೋದು ನಾಳೆಗೇ. ನಡೀರಿ, ನನಗೂ ಮೊಮ್ಮಗಳ ಮದುವೆ ಇದೆ."

ಇಬ್ಬರೂ ಕೌಂಟರಿಗೆ ಬಂದರು. ಕೋಟಿನವನು ಅಲ್ಲೇ ನಿಂತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ. ಹುಡುಗಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಯಜಮಾನರು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ದನಿ ಜೋರಾಗಲಿಲ್ಲ, ನಡುಗಲೂ ಇಲ್ಲ.

ಹುಡುಗಿ ಕೋಟಿನವನ ಮುಖ ನೋಡಿದಳು. "ಸರ್, ಇವರು ಕೇಳ್ತಿದಾರೆ."

ಕೋಟಿನವನಿಗೆ ಇಕ್ಕಟ್ಟಿಗೆ ಸಿಕ್ಕಂತಾಯಿತು. ಕೇಳದವರಿಗೆ ಹೇಳಬೇಡ ಎನ್ನಬಹುದು, ಕೇಳಿದವರಿಗೆ ಕೊಡಬೇಡ ಎನ್ನಲು ಅವನ ಮೇಲಧಿಕಾರಿಗೂ ಧೈರ್ಯವಿರಲಿಲ್ಲ. ಮೂಗಿನಲ್ಲೇ ಹೂಂ ಅಂದ.

"ಎದುರಿನ ಗೇಟಿನ ವಿಮಾನ ಅದೇ ಊರಿಗೆ ಹೋಗುತ್ತೆ ಅಮ್ಮ," ಎಂದಳು ಹುಡುಗಿ, ಕೀಲಿಗಳನ್ನು ಒತ್ತುತ್ತ. "ಉಳಿದಿರೋದು ಎರಡೇ ಸೀಟು. ಈಗಲೇ ಹೋಗ್ಬೇಕು. ನಿಮ್ಮ ಸಾಮಾನು ಮಾತ್ರ ನಾಳೆ ಬರುತ್ತೆ."

"ಸಾಮಾನು ಬಂದ್ರೆ ಬರಲಿ, ಬಿಟ್ರೆ ಬಿಡಲಿ. ನನ್ನನ್ನ ಕಳಿಸು."

ಹೊಸ ಬೋರ್ಡಿಂಗ್ ಪಾಸು ಇಬ್ಬರ ಕೈಗೂ ಬಂತು. ಬಂದ ಮೇಲೆಯೇ, ಅದಕ್ಕಿಂತ ಮೊದಲಲ್ಲ, ವಿಚಾರಣೆ ಅಕ್ಕ ಜನರ ಕಡೆ ತಿರುಗಿದಳು. ಅವಳು ದೇವತೆಯೇನಲ್ಲ, ಅವಳಿಗೂ ತಮ್ಮನನ್ನು ನೋಡಬೇಕಿತ್ತು. ಆದರೆ ತಾನೇ ಬಾಯಿ ಮುಚ್ಚಿಸಿ ಕೂರಿಸಿದ ಅಷ್ಟು ಜನರನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ.

"ಎಲ್ಲರೂ ಕೇಳಿ!" ಎಂದಳು ಮೈಕಿನ ಹಂಗಿಲ್ಲದ ಆ ದನಿಯಲ್ಲಿ. "ಸುಮ್ನೆ ಕೂತ್ಕೊಳ್ಳಿ ಅಂದೆನಲ್ಲ, ಅದನ್ನ ವಾಪಸ್ ತಗೊಂಡೆ. ಎದ್ದು ಬನ್ನಿ. ಊಟ ಕೇಳಿ. ಉಳಿಯೋಕೆ ರೂಮು ಕೇಳಿ. ಮುಂದಿನ ಯಾವ ವಿಮಾನದಲ್ಲಿ ಜಾಗ ಇದೆ ಅಂತ ಕೇಳಿ. ಕೇಳದೆ ಯಾರೂ ಕೊಡಲ್ಲ. ಆದ್ರೆ ಸಾಲಾಗಿ ಬನ್ನಿ, ಮೆತ್ತಗೆ ಮಾತಾಡಿ. ಈ ಮಗು ಮೇಲೆ ಯಾರಾದ್ರೂ ದನಿ ಏರಿಸಿದ್ರೋ, ವಿಮಾನ ಇಳಿದು ವಾಪಸ್ ಬರ್ತೀನಿ!"

ಜನ ನಕ್ಕರು. ನಗುತ್ತಲೇ ಎದ್ದು ಸಾಲುಗಟ್ಟಿದರು. ಕೋಟಿನವನು ಮೊದಲ ಸಲ ಜನರ ಕಡೆ ನೋಡಿದ, ನೋಡಿ ಬೆವರಿದ. ಹುಡುಗಿ ನಗು ಅಡಗಿಸಲು ಮೇಜಿನ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದಳು. ಅಕ್ಕನೂ ಯಜಮಾನರೂ ಎದ್ದೆವೋ ಬಿದ್ದೆವೋ ಎಂದು ಎದುರು ಗೇಟಿಗೆ ಓಡಿದರು. ಓಡುವಾಗ ಯಜಮಾನರ ಮಫ್ಲರ್ ಜಾರಿ ಬಿತ್ತು. ಅಕ್ಕ ಅದನ್ನು ಎತ್ತಿಕೊಂಡೇ ಓಡಿದಳು.

ವಿಮಾನ ನೆಲ ಬಿಟ್ಟಾಗ ಅವಳಿಗೆ ಹೆದರಿಕೆಯಾಗಲೇ ಇಲ್ಲ. ಹೋದ ಜೀವ ಬಂದಂತಾಗಿ, ಆ ನೆಮ್ಮದಿಗೆ ಕಣ್ಣು ಎಳೆದು, ಮೊದಲ ವಿಮಾನ ಪ್ರಯಾಣದ ಪೂರ್ತಿ ಉದ್ದಕ್ಕೂ ಬಾಯಿ ತೆರೆದು ನಿದ್ದೆ ಮಾಡಿದಳು.

ಬಂದರಿನ ಗೇಟಿನ ಮುಂದೆ ಟ್ಯಾಕ್ಸಿ ನಿಂತಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಗೇಟಿನ ಕಂಬಿಗೆ ಒರಗಿ ಒಬ್ಬ ನಿಂತಿದ್ದ. ಕಿವಿಯ ಪಕ್ಕ ಕೂದಲು ನೆರೆತಿತ್ತು, ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು. ಯಾರಪ್ಪ ಈ ವಯಸ್ಸಾದ ಮನುಷ್ಯ ಎಂದುಕೊಳ್ಳುವಷ್ಟರಲ್ಲಿ ಅವನು ಅಕ್ಕಾ ಅಂದ. ಅವಳು ಅವನನ್ನು ತಬ್ಬಿಕೊಂಡು, ಬೆನ್ನಿಗೆ ಎರಡು ಬಿಟ್ಟು, ಮತ್ತೆ ತಬ್ಬಿಕೊಂಡಳು.

ಗೇಟಿನೆದುರಿನ ಸಣ್ಣ ಹೋಟೆಲಿನ ಹೊರಗೆ ಬೆಂಚಿನ ಮೇಲೆ ಕೂತು ಇಬ್ಬರೂ ಚಹಾ ಕುಡಿದರು. ಅವಳು ಬೆಳಗಿನಿಂದ ನಡೆದದ್ದೆಲ್ಲ ಹೇಳಿದಳು. ಕೋಟಿನವನ ಹೂಂ ಅನ್ನು ಅನುಕರಿಸಿ ತೋರಿಸಿದಾಗ ಅವನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ನಗು ನಿಂತ ಮೇಲೆ, ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು ತಾನಾಗಿ ಹೊರಗೆ ಬಂತು.

"ಯಾಕೋ ಮನೆಗೆ ಬರಲ್ಲ ನೀನು?"

ಅವನು ಲೋಟದೊಳಗೆ ನೋಡುತ್ತ ಕೂತ. "ನೀನು ಯಾವತ್ತು ಬಾ ಅಂದೆ ಅಕ್ಕ?"

"ಏನು?"

"ಒಂದು ಸಲಾನೂ ಅಂದಿಲ್ಲ. ನಿನ್ನ ಕೆಲಸ ನೋಡ್ಕೋ, ನಮ್ಮ ಚಿಂತೆ ಬೇಡ, ಬಿಡುವಾದಾಗ ನೋಡೋಣ, ಇಷ್ಟೇ. ನಿನಗೂ ಗಂಡ, ಮಕ್ಕಳು ಇದಾರೆ, ನಾನು ಬಂದು ಕೂತ್ರೆ ಭಾರ ಆಗುತ್ತೇನೋ ಅಂದ್ಕೊಂಡೆ. ಅದಕ್ಕೇ ಇನ್ನೊಂದು ಹಡಗು ಹತ್ತಿಬಿಡ್ತಿದ್ದೆ."

ವಿಚಾರಣೆ ಅಕ್ಕ ಲೋಟ ಬೆಂಚಿನ ಮೇಲಿಟ್ಟಳು. ಅವನಿಗೆ ತೊಂದರೆ ಕೊಡಬಾರದೆಂದು, ಅವನ ದಾರಿಗೆ ಅಡ್ಡ ಬರಬಾರದೆಂದು, ಪ್ರತಿ ಸಲ ಬಾಯಿಗೆ ಬಂದ 'ಬಾರೋ' ಎಂಬ ಮಾತನ್ನು ಅವಳು ನುಂಗಿಕೊಂಡಿದ್ದಳು. ಅದನ್ನೇ ಪ್ರೀತಿ ಎಂದುಕೊಂಡಿದ್ದಳು. ಅವನಿಗೆ ತಲುಪಿದ್ದು ಬೇಡ ಎಂಬ ಮಾತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಕತ್ತೆ," ಎಂದಳು. "ಇಬ್ಬರೂ ಕತ್ತೆಗಳು." ಆಮೇಲೆ ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಬಾ. ಈ ಹಡಗು ಇಳಿದ ಕೂಡಲೇ ಮನೆಗೆ ಬಾ. ಕೇಳ್ಕೊಳ್ತಾ ಇದೀನಿ."

"ಬರ್ತೀನಿ ಅಕ್ಕ."

"ಯಾವಾಗ?"

ಅವನು ಲೋಟ ಕೆಳಗಿಟ್ಟು ಬೆರಳು ಮಡಿಸುತ್ತ ತಿಂಗಳುಗಳನ್ನು ಎಣಿಸತೊಡಗಿದ. ಅವಳು ಆ ಎಣ್ಣೆಗಪ್ಪಿನ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಮತ್ತೆ ಮೊದಲಿನಿಂದ, ಅವನ ಜೊತೆಗೆ ತಾನೂ ಎಣಿಸಿದಳು.